ನೆತ್ತಿಯ ಮೇಲೊಂದು ಬೆಳಕಿಂಡಿ

ಹಿಂದಿನ ಮಾಳಿಗೆಮನೆಗಳನ್ನು ಕಂಡವರಿಗೆ ಬೆಳಕಿಂಡಿ ಎಂಬ ಮಾತು ಹೊಸತಲ್ಲ. ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ, ಒಳಗೆ ತಂಪು ಮತ್ತು ಕತ್ತಲೆ. ಅಡುಗೆಮನೆಯ ನೆತ್ತಿಯ ಮೇಲೆ ಗೇಣಗಲದ ಒಂದು ಕಿಂಡಿ ಇರುತ್ತಿತ್ತು. ಅದರಿಂದ ಇಳಿದ ಬೆಳಕಿನ ಕೋಲಿನಲ್ಲಿಯೇ ಗೃಹಿಣಿ ಅಕ್ಕಿ ಆರಿಸುತ್ತಿದ್ದಳು. ಮಳೆ ಬಂದರೆ ಅದರ ಮೇಲೊಂದು ಮುಚ್ಚಳ. ಹೆಂಚಿನ ಮನೆಗಳು ಬಂದ ಮೇಲೆ ನಡುನಡುವೆ ಗಾಜಿನ ಹೆಂಚು ಕೂರಿಸುವ ರೂಢಿ ಬಂದಿತು. ಬೆಳಕು ಬೇಕು, ಆದರೆ ಬೇಕಾದಷ್ಟೇ ಬೇಕು ಎಂಬ ವಿವೇಕ ಆ ಕಿಂಡಿಯ ಅಳತೆಯಲ್ಲಿಯೇ ಅಡಗಿತ್ತು.

ಈಗ ಬೆಳಕಿಂಡಿ ಮನೆಯಿಂದ ವಾಹನಕ್ಕೆ ಏರಿದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ರಸ್ತೆಗಳಲ್ಲಿ ಹಸಿರು ಫಲಕದ ವಿದ್ಯುತ್ ಕಾರುಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಅವುಗಳಲ್ಲಿ ಹಲವಕ್ಕೆ ತಲೆಯ ಮೇಲೆ ತಗಡಿನ ಬದಲು ಗಾಜು. ಮಳಿಗೆಗೆ ಹೋದ ಕುಟುಂಬದಲ್ಲಿ ಮಕ್ಕಳು ಮೊದಲು ನೋಡುವುದೇ ಅದನ್ನು. ಯಜಮಾನರು ಮೊದಲು ನೋಡುವುದು ಬೆಲೆಪಟ್ಟಿಯನ್ನು. ಇವೆರಡರ ನಡುವೆ ಮನೆಯ ಲಕ್ಷಾಂತರ ರೂಪಾಯಿ ಉಳಿತಾಯ ತೂಗಾಡುತ್ತಿರುತ್ತದೆ. ಆದುದರಿಂದ ಈ ಸಂಚಿಕೆಯಲ್ಲಿ ಗಾಜಿನ ಚಾವಣಿ ಮತ್ತು ಕಾರಿನ ಒಳಸಜ್ಜಿನ ದರ್ಜೆಗಳನ್ನು ಕುರಿತು ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳುವುದು ಉಚಿತವೆಂದು ಭಾವಿಸಿದ್ದೇವೆ.

ವಿದ್ಯುತ್ ಕಾರು ನಮ್ಮ ಊರಿಗೆ ಹೊರಗಿನಿಂದ ಬಂದ ಅತಿಥಿಯಲ್ಲ. ದೇಶದ ಜನ ಆ ಹೆಸರನ್ನು ಕೇಳುವ ಮೊದಲೇ ಬೆಂಗಳೂರಿನ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ರೇವಾ ಎಂಬ ಪುಟ್ಟ ಕಾರು ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದಿತು. ಅದರ ಹಿಂದಿದ್ದವರು ಚೇತನ್ ಮೈನಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, 1990ರಲ್ಲಿ, ಸೂರ್ಯನ ಬಿಸಿಲಿನಿಂದಲೇ ಓಡುವ ಸ್ಪರ್ಧಾ ಕಾರನ್ನು ನಿರ್ಮಿಸಿದ ವಿದ್ಯಾರ್ಥಿ ತಂಡದಲ್ಲಿ ಅವರಿದ್ದರು. ತಾಯಿಯ ಹೆಸರನ್ನೇ ಅವರು ಕಾರಿಗೆ ಇಟ್ಟರು. ಎರಡು ಬಾಗಿಲು, ಪ್ಲಾಸ್ಟಿಕ್ ಹೊರಮೈ, ಸೀಸದ ಬ್ಯಾಟರಿ. ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರ್ ಓಟ. ಇದೇ ಕಾರು ಜಿ-ವಿಜ್ ಎಂಬ ಹೆಸರಿನಿಂದ ಲಂಡನ್ ನಗರದ ಬೀದಿಗಳಲ್ಲಿಯೂ ಓಡಿತು. ಆ ಕಾಲದಲ್ಲಿ ಕೊಳ್ಳುವವರ ಪ್ರಶ್ನೆ ಒಂದೇ ಆಗಿತ್ತು: ಮನೆಯಿಂದ ಕಚೇರಿಗೆ ಹೋಗಿ ಮರಳಿ ಬರಬಲ್ಲುದೇ?

2010ರಲ್ಲಿ ಮಹೀಂದ್ರಾ ಸಂಸ್ಥೆ ಆ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡಿತು. 2013ರಲ್ಲಿ ಇ2ಒ, 2016ರಲ್ಲಿ ನಾಲ್ಕು ಬಾಗಿಲಿನ ಇ2ಒ ಪ್ಲಸ್ ಬಂದವು. ಪ್ಲಸ್ ಕಾರಿಗೆ ಪಿ2, ಪಿ4, ಪಿ6, ಪಿ8 ಎಂದು ನಾಲ್ಕು ದರ್ಜೆಗಳಿದ್ದವು. ಅತ್ಯಂತ ಮೇಲಿನ ಪಿ8 ದರ್ಜೆಗೆ ಹೆಚ್ಚು ಹಣ ಕೊಟ್ಟವರಿಗೆ ಹೆಚ್ಚು ಶಕ್ತಿಯ ಬ್ಯಾಟರಿಯೂ ಹೆಚ್ಚು ದೂರದ ಓಟವೂ ದೊರೆಯುತ್ತಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದೇ ನಮಗೆ ಅಳತೆಗೋಲಾಗುವುದು.

2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ವಿದ್ಯುತ್ ಕಾರು ಮೂರು ದರ್ಜೆಗಳಲ್ಲಿ ಬಂದಿತು. ಆರಂಭದ ಷೋರೂಂ ಬೆಲೆ ಸುಮಾರು 14, 15 ಮತ್ತು 16 ಲಕ್ಷ ರೂಪಾಯಿ. ಮೂರಕ್ಕೂ ಬ್ಯಾಟರಿ ಒಂದೇ, 30.2 ಕಿಲೋವ್ಯಾಟ್ ಗಂಟೆಯದು. ತೆರೆಯುವ ಚಾವಣಿಯೂ ಚರ್ಮದಂತಹ ಆಸನ ಹೊದಿಕೆಯೂ ಇದ್ದುದು ಮೇಲಿನ ದರ್ಜೆಯಲ್ಲಿ. 2024ರ ಸೆಪ್ಟೆಂಬರಿನಲ್ಲಿ ಬಂದ ಎಂ.ಜಿ. ವಿಂಡ್ಸರ್ ಕಾರಿನ ಕಥೆಯೂ ಹೀಗೆಯೇ. ಎಕ್ಸೈಟ್, ಎಕ್ಸ್‌ಕ್ಲೂಸಿವ್, ಎಸೆನ್ಸ್ ಎಂಬ ಮೂರು ದರ್ಜೆಗಳು. ಬ್ಯಾಟರಿಯೂ ಸೇರಿ ಆರಂಭದ ಬೆಲೆ ಹದಿಮೂರೂವರೆ, ಹದಿನಾಲ್ಕೂವರೆ, ಹದಿನೈದೂವರೆ ಲಕ್ಷ. ಬ್ಯಾಟರಿ ಮೂರಕ್ಕೂ 38 ಕಿಲೋವ್ಯಾಟ್ ಗಂಟೆಯದೇ. ವಿಶಾಲವಾದ ಗಾಜಿನ ಚಾವಣಿ ಮಾತ್ರ ಎಸೆನ್ಸ್ ದರ್ಜೆಗೆ ಮೀಸಲು. ಅದೇ ವರ್ಷದ ನವೆಂಬರಿನಲ್ಲಿ ಮಹೀಂದ್ರಾ ಪ್ರಕಟಿಸಿದ ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳ ಮೇಲ್ದರ್ಜೆಗಳಲ್ಲಿಯೂ ಸ್ಥಿರವಾದ ಗಾಜಿನ ಚಾವಣಿ ಇದೆ. ನಮ್ಮ ಹೊಸಕೋಟೆಯ ಕಾರ್ಖಾನೆಯಲ್ಲಿ ಜೋಡಣೆಯಾಗಿ 2023ರಲ್ಲಿ ಮಾರುಕಟ್ಟೆಗೆ ಬಂದ ವೋಲ್ವೊ ಸಿ40 ಕಾರಿಗೂ ಅಂತಹುದೇ ಚಾವಣಿ ಇತ್ತು.

ಹೀಗೆ ಇಪ್ಪತ್ತೈದು ವರ್ಷಗಳಲ್ಲಿ ಪ್ರಶ್ನೆಯೇ ಬದಲಾಗಿದೆ. ಹೋಗಿ ಬರಬಲ್ಲುದೇ ಎನ್ನುತ್ತಿದ್ದವರು ಇಂದು ಆಕಾಶ ಕಾಣುವುದೇ ಎನ್ನುತ್ತಿದ್ದಾರೆ. ಇದು ಪ್ರಗತಿಯ ಗುರುತೇ ಸರಿ. ಆದರೆ ಕೊಡುವ ಹಣ ನೆಲದ ಕೆಳಗಿನ ಬ್ಯಾಟರಿಗೆ ಹೋಗುತ್ತಿದೆಯೋ, ತಲೆಯ ಮೇಲಿನ ಗಾಜಿಗೆ ಹೋಗುತ್ತಿದೆಯೋ ಎಂಬುದನ್ನು ಅರಿತು ಕೊಡುವುದು ಜಾಣತನ.

ಪೆಟ್ರೋಲ್ ಕಾರುಗಳಲ್ಲಿ ವಿರಳವಾಗಿದ್ದ ಸ್ಥಿರ ಗಾಜಿನ ಚಾವಣಿ ವಿದ್ಯುತ್ ಕಾರುಗಳಲ್ಲಿ ಇಷ್ಟು ಹರಡಲು ಕಾರಣವೇನು? ಮೊದಲನೆಯದು ಎತ್ತರದ ಲೆಕ್ಕ. ಇಂದಿನ ವಿದ್ಯುತ್ ಕಾರಿನಲ್ಲಿ ಬ್ಯಾಟರಿಯ ಪೆಟ್ಟಿಗೆ ನೆಲದಡಿಯಲ್ಲಿ ಉದ್ದಗಲಕ್ಕೂ ಹಾಸಿರುತ್ತದೆ. ಅದರಿಂದ ನೆಲ ಮೇಲೇಳುತ್ತದೆ, ಕುಳಿತವರ ತಲೆ ಚಾವಣಿಗೆ ಹತ್ತಿರವಾಗುತ್ತದೆ. ಚಾವಣಿಯನ್ನು ಎತ್ತರಿಸಿದರೆ ಗಾಳಿಯ ತಡೆ ಹೆಚ್ಚಿ ಓಟ ಕಡಿಮೆಯಾಗುತ್ತದೆ. ತಗಡು, ಅದರ ಒಳಗಿನ ಮೆತ್ತೆ, ಬಟ್ಟೆ ಇವುಗಳ ಜಾಗದಲ್ಲಿ ಒಂದೇ ಗಾಜಿನ ಹಲಗೆ ಇಟ್ಟರೆ ತಲೆಗೆ ಎರಡು ಮೂರು ಬೆರಳಿನಷ್ಟು ಜಾಗ ಸಿಗುತ್ತದೆ. ಎರಡನೆಯದು, ಒಳಗಿನ ಜಾಗ ವಿಶಾಲವಾಗಿ ತೋರುತ್ತದೆ. ಮೂರನೆಯದು, ಸರಿಯುವ ಚಾವಣಿಗೆ ಬೇಕಾದ ಮೋಟಾರು, ಹಳಿ, ನೀರು ಹರಿಯುವ ಕೊಳವೆ ಯಾವುವೂ ಇದಕ್ಕೆ ಬೇಡ.

ಈ ಮೂರನೆಯ ಮಾತು ನಮ್ಮ ಬಡಾವಣೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ತೆರೆಯುವ ಚಾವಣಿಯ ಮೂಲೆಗಳಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ಕೊಳವೆಗಳಿರುತ್ತವೆ. ಜಯನಗರದ ಹೊಂಗೆ, ಗುಲ್‌ಮೊಹರ್, ಮಳೆಮರಗಳ ನೆರಳು ಎಷ್ಟು ಹಿತವೋ ಅವುಗಳ ಹೂವು, ಪುಡಿ, ತರಗೆಲೆ ಆ ಕೊಳವೆಗಳಿಗೆ ಅಷ್ಟೇ ಶತ್ರು. ಕೊಳವೆ ಕಟ್ಟಿಕೊಂಡರೆ ನೀರು ಒಳಗಿನ ಬಟ್ಟೆಗೆ ಇಳಿಯುತ್ತದೆ. ತೆರೆಯುವ ಚಾವಣಿ ಉಳ್ಳವರು ಮುಂಗಾರಿಗೆ ಮುನ್ನ ಅವನ್ನು ಶುಚಿ ಮಾಡಿಸತಕ್ಕದ್ದು. ಸ್ಥಿರ ಗಾಜಿಗೆ ಈ ತೊಂದರೆಯಿಲ್ಲ.

ಇನ್ನು ಬಿಸಿಲಿನ ವಿಚಾರ. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಆದುದರಿಂದ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು, ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ನೆರಳೇ ಬೀಳದ ಆ ದಿನವನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ನಗರದ ದಾಖಲೆಯ ಬಿಸಿಲಾದ 39.2 ಡಿಗ್ರಿ ಸೆಲ್ಸಿಯಸ್ ಕಂಡದ್ದು 2016ರ ಏಪ್ರಿಲ್ 24ರಂದು. ಯೂರೋಪಿನ ಉತ್ತರದ ದೇಶಗಳಲ್ಲಿ ಸೂರ್ಯ ಓರೆಯಾಗಿಯೇ ಸಾಗುವುದರಿಂದ ಅಲ್ಲಿ ಗಾಜಿನ ಚಾವಣಿ ಬೆಳಕಿನ ಭಾಗ್ಯ. ನಮ್ಮಲ್ಲಿ ಕಿಟಕಿಗಿಂತ ಚಾವಣಿಯೇ ಸೂರ್ಯನಿಗೆ ಎದುರಾಗುವ ತಿಂಗಳುಗಳು ಅನೇಕ.

ಸ್ವಲ್ಪ ಲೆಕ್ಕ ಹಾಕೋಣ. ನಡುಹಗಲಿನ ತಿಳಿ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುರಿಸುವ ಶಕ್ತಿ ಸುಮಾರು 1,000 ವ್ಯಾಟ್. ಅದರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಕಣ್ಣಿಗೆ ಕಾಣದ ಅವಗೆಂಪು ಕಿರಣ. ಚದರ ಮೀಟರಿನಷ್ಟು ಗಾಜು ಇದರಲ್ಲಿ ಐದನೆಯ ಒಂದು ಭಾಗವನ್ನು ಒಳಬಿಟ್ಟಿತೆಂದು ಇಟ್ಟುಕೊಂಡರೆ 200 ವ್ಯಾಟ್ ಶಾಖ. ಒಂದು ಗಂಟೆಯ ಪ್ರಯಾಣದಲ್ಲಿ ಈ ಶಾಖವನ್ನು ಹೊರಹಾಕಲು ಹವಾನಿಯಂತ್ರಕ ಬಳಸುವ ವಿದ್ಯುತ್ತು ಒಂದು ಯೂನಿಟ್ಟಿನ ಹತ್ತನೆಯ ಒಂದು ಭಾಗವನ್ನು ಮೀರದು. ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡುವ ಕಾರಿಗೆ ಇದರಿಂದಾಗುವ ನಷ್ಟ ಮುಕ್ಕಾಲು ಕಿಲೋಮೀಟರಿಗಿಂತ ಕಡಿಮೆ. ಆದುದರಿಂದ ಗಾಜಿನ ಚಾವಣಿ ಬ್ಯಾಟರಿಯನ್ನೆಲ್ಲ ನುಂಗಿಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ.

ನಿಜವಾದ ತೊಂದರೆ ಇರುವುದು ಬೇರೆಡೆ. ಕಪ್ಪು ಛಾಯೆಯ ಗಾಜು ಬಿಸಿಲನ್ನು ತಡೆಯುವುದು ಬಹುಮಟ್ಟಿಗೆ ಅದನ್ನು ತಾನೇ ಹೀರಿಕೊಂಡು. ಹೀರಿದ ಗಾಜು ಕಾಯುತ್ತದೆ. ಕಾದ ಹೆಂಚಿನಂತೆ ಕೆಳಗೆ ಕುಳಿತವರ ನೆತ್ತಿಗೆ ಶಾಖ ಸೂಸುತ್ತದೆ. ಮುಖಕ್ಕೆ ತಂಗಾಳಿ ಬೀಸುತ್ತಿದ್ದರೂ ತಲೆ ಬಿಸಿಯೆನಿಸುವುದು ಇದರಿಂದಲೇ. ಕೂದಲು ತೆಳುವಾದ ಹಿರಿಯರಿಗೂ ಹಿಂದಿನ ಆಸನದ ಎಳೆಯ ಮಕ್ಕಳಿಗೂ ಇದು ಬೇಗ ತಟ್ಟುತ್ತದೆ. ಸೆಂಟ್ರಲ್ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಅರ್ಧ ಗಂಟೆ ನಿಂತವರಿಗೆ ವಿವರಣೆ ಬೇಡ. ಬೇಸಗೆಯಲ್ಲಿ ಕಲಬುರ್ಗಿ, ರಾಯಚೂರು, ಬಳ್ಳಾರಿಯ ಕಡೆಗೆ ಹೋಗುವ ಕುಟುಂಬಗಳು ಇದನ್ನು ಇನ್ನೂ ಹೆಚ್ಚಾಗಿ ಗಮನಿಸಬೇಕು.

ಗಾಜುಗಳೆಲ್ಲ ಒಂದೇ ಅಲ್ಲ. ಒಂದು ಬಗೆ ಕಾಯಿಸಿ ಗಟ್ಟಿಗೊಳಿಸಿದ ಟೆಂಪರ್ಡ್ ಗಾಜು. ಒಡೆದರೆ ಸಕ್ಕರೆ ಹರಳಿನಂತೆ ಪುಡಿಪುಡಿಯಾಗುತ್ತದೆ. ಇನ್ನೊಂದು ಬಗೆ ಎರಡು ಗಾಜುಗಳ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪೊರೆ ಇಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜು. ಒಡೆದರೂ ಚೂರುಗಳು ಪೊರೆಗೆ ಅಂಟಿಕೊಂಡಿರುತ್ತವೆ. ಆ ಪೊರೆ ಚರ್ಮಕ್ಕೆ ಕೇಡಾದ ನೇರಳಾತೀತ ಕಿರಣಗಳನ್ನೂ ಬಹುತೇಕ ಪೂರ್ತಿಯಾಗಿ ತಡೆಯುತ್ತದೆ. ಉತ್ತಮ ಚಾವಣಿಗಳಲ್ಲಿ ಅವಗೆಂಪು ಕಿರಣವನ್ನು ಹಿಂದಕ್ಕೆ ಚಿಮ್ಮಿಸುವ ತೆಳು ಲೋಹಲೇಪವೂ ಇರುತ್ತದೆ. ಶಾಖವನ್ನು ಹೀರದೆ ಹಿಂದಿರುಗಿಸುವುದು ಈ ಲೇಪವೇ. ಗಾಜಿನ ಮೂಲೆಯಲ್ಲಿ ಅದರ ಬಗೆಯೂ ಭಾರತೀಯ ಮಾನಕದ ಗುರುತೂ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆ. ವಾಹನಗಳ ಸುರಕ್ಷಾ ಗಾಜಿಗೆ ಸಂಬಂಧಿಸಿದ ಮಾನಕ ಐ.ಎಸ್. 2553. ಮಾರಾಟಗಾರರ ಮಾತಿಗಿಂತ ಆ ಅಕ್ಷರ ಓದುವುದು ಮೇಲು. ಮಡಿಸುವ ಅಥವಾ ಸುರುಳಿಯಾಗುವ ಪರದೆ ಇದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಪರದೆಯಿಲ್ಲದ ಬೆಳಕಿಂಡಿ ಮುಚ್ಚಳವಿಲ್ಲದ ಕಿಂಡಿಯಂತೆ.

ನಮಗೆ ಪರಿಚಿತವಾದ ಬನಶಂಕರಿಯ ಒಂದು ಕುಟುಂಬದ ಪ್ರಸಂಗ ಇಲ್ಲಿ ಹೇಳಬಹುದು. ಹಾವೇರಿಯ ಕಡೆಯಿಂದ ಬಂದು ನೆಲೆಸಿದವರು. ಸಾಲ ಮಾಡಿ ಕೊಳ್ಳುವ ಮೊದಲ ಕಾರು. ಮಗ ಜಾಣತನದಿಂದ ಮಧ್ಯಾಹ್ನ ಒಂದು ಗಂಟೆಗೇ ಕಾರು ಓಡಿಸಿ ನೋಡಲು ಹೋದ. ತಾಯಿಯನ್ನೂ ಮಗಳನ್ನೂ ಹಿಂದೆ ಕೂರಿಸಿಕೊಂಡ. ಕನಕಪುರ ರಸ್ತೆಯಲ್ಲಿ ಹೋಗುವಾಗ ಹುಡುಗಿಗೆ ಸಂಭ್ರಮ. “ಅಜ್ಜಿ, ಮ್ಯಾಲ ನೋಡು, ಟೊಂಗಿಗಳೆಲ್ಲ ನಮ್ಮ ಜೋಡಿನೇ ಓಡಿ ಬರಾಕತ್ತಾವು!” ಎಂದಳು. ಅಜ್ಜಿ ಮೇಲೆ ನೋಡಿದರು, ನಕ್ಕರು. ಹತ್ತು ನಿಮಿಷ ಕಳೆದ ಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ತಮ್ಮಾ, ಚೆಂದ ಐತಿ. ಆದರ ನೆತ್ತಿ ಸುಡಾಕತ್ತೈತಿ ನೋಡಪ್ಪ” ಎಂದರು. ಎರಡೂ ಮಾತು ನಿಜವೇ. ಮಗ ಮಳಿಗೆಗೆ ಮರಳಿ ಪ್ರತಿಯೊಂದು ದರ್ಜೆಯ ಪಟ್ಟಿಯನ್ನು ಬರೆಸಿಕೊಂಡ. ಸುರಕ್ಷತೆಯ ಗಾಳಿಚೀಲಗಳು, ಹಿಂದಿನ ಆಸನಕ್ಕೆ ತಂಗಾಳಿ, ಬ್ಯಾಟರಿ ಮೂರೂ ನಡುವಿನ ದರ್ಜೆಯಲ್ಲಿಯೇ ಇದ್ದವು. ಮೇಲಿನ ದರ್ಜೆಯಲ್ಲಿ ಹೆಚ್ಚಿಗೆ ಇದ್ದುದು ಗಾಜು, ಬಣ್ಣದ ದೀಪ, ಇನ್ನೂ ಕೆಲವು ಅಲಂಕಾರ. ನಡುವಿನದನ್ನೇ ಕೊಂಡರು. ಉಳಿದ ಹಣದ ಒಂದು ಪಾಲು ಮನೆಯ ಚಾರ್ಜಿಂಗ್ ತಂತಿ ಎಳೆಸಲು ಒದಗಿತು. ಕಿಟಕಿಯ ಪಕ್ಕದ ಆಸನ ಮೊಮ್ಮಗಳಿಗೇ ಎಂದು ಅಜ್ಜಿ ಬಿಟ್ಟುಕೊಟ್ಟರು.

ಇದರಿಂದ ಗಾಜಿನ ಚಾವಣಿ ಕೊಳ್ಳಬಾರದು ಎಂದು ನಾವು ಹೇಳುತ್ತಿಲ್ಲ. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಸೌಕರ್ಯವಿದ್ದು, ಬೆಳಿಗ್ಗೆ ಸಂಜೆ ಮಾತ್ರ ಓಡಾಡುವವರಿಗೆ ಅದು ದಿನನಿತ್ಯದ ಸಂತೋಷ. ವಿದ್ಯುತ್ ಕಾರಿನ ಒಂದು ದೊಡ್ಡ ಅನುಕೂಲವನ್ನೂ ಮರೆಯಬಾರದು: ಅನೇಕ ಕಾರುಗಳಲ್ಲಿ ಹೊರಡುವ ಹತ್ತು ನಿಮಿಷ ಮೊದಲು ಮೊಬೈಲಿನಿಂದಲೇ ಹವಾನಿಯಂತ್ರಕ ಚಾಲೂ ಮಾಡಬಹುದು. ಚಾರ್ಜಿಗೆ ಹಾಕಿರುವಾಗಲೇ ಹೀಗೆ ಮಾಡಿದರೆ ತಂಪು ಮಾಡುವ ವಿದ್ಯುತ್ತು ಬಹುಮಟ್ಟಿಗೆ ಮನೆಯದು, ಬ್ಯಾಟರಿಯದಲ್ಲ. ಬಿ.ಟಿ.ಎಂ. ಬಡಾವಣೆಯ ಇಕ್ಕಟ್ಟಿನ ಅಡ್ಡರಸ್ತೆಗಳಲ್ಲಿ ಹಗಲೆಲ್ಲ ಬಿಸಿಲಿಗೆ ನಿಲ್ಲಿಸಬೇಕಾದವರ ಪರಿಸ್ಥಿತಿ ಬೇರೆ. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನ ಒಳಗೆ ಹೊರಗಿಗಿಂತ 20 ಡಿಗ್ರಿಯಷ್ಟು ಹೆಚ್ಚು ಕಾವು ಸೇರುವುದುಂಟು. ಮಗುವನ್ನಾಗಲಿ ವೃದ್ಧರನ್ನಾಗಲಿ ನಿಂತ ಕಾರಿನಲ್ಲಿ ಒಂಟಿಯಾಗಿ ಬಿಟ್ಟು ಹೋಗಬಾರದು. ಚಾವಣಿ ಯಾವುದಾದರೂ ಸರಿಯೆ.

ತೆರೆಯುವ ಚಾವಣಿಯ ಬಗ್ಗೆ ಇನ್ನೊಂದು ಎಚ್ಚರಿಕೆಯನ್ನು ಕಟುವಾಗಿಯೇ ಹೇಳಬೇಕಾಗಿದೆ. 2025ರ ಸೆಪ್ಟೆಂಬರಿನಲ್ಲಿ ನಮ್ಮ ನಗರದಲ್ಲಿಯೇ, ಓಡುತ್ತಿದ್ದ ಕಾರಿನ ಚಾವಣಿಯಿಂದ ಹೊರಗೆ ನಿಂತಿದ್ದ ಬಾಲಕನ ತಲೆಗೆ ರಸ್ತೆಗೆ ಅಡ್ಡಲಾಗಿ ಹಾಕಿದ್ದ ಎತ್ತರ ಮಿತಿಯ ಕಂಬಿ ಬಡಿಯಿತು. ಆ ದೃಶ್ಯವನ್ನು ದೇಶವೇ ಕಂಡಿತು. ಚಾವಣಿ ತೆರೆಯುವುದು ಗಾಳಿಗಾಗಿ, ಮಕ್ಕಳನ್ನು ನಿಲ್ಲಿಸಲಿಕ್ಕಲ್ಲ. ಮದುವೆಯ ದಿಬ್ಬಣವಿರಲಿ, ಜಾತ್ರೆಯ ಉತ್ಸಾಹವಿರಲಿ, ಈ ವಿಷಯದಲ್ಲಿ ಮಕ್ಕಳ ಹಟಕ್ಕೆ ಹಿರಿಯರು ಸೋಲಬಾರದು. ತೆರೆಯದ ಗಾಜು ಈ ಒಂದು ದೃಷ್ಟಿಯಿಂದ ತೆರೆಯುವುದಕ್ಕಿಂತ ಕ್ಷೇಮ.

ತೆಂಗಿನ ಮರವಿರುವ ಅಂಗಳದವರು ಕಾಯಿ ಮತ್ತು ಮಟ್ಟೆಯ ಕೆಳಗೆ ಕಾರು ನಿಲ್ಲಿಸಬಾರದು. ತಗಡಾದರೆ ತಗ್ಗು ಬೀಳುತ್ತದೆ, ಗಾಜಾದರೆ ಇಡೀ ಹಲಗೆ ಬದಲಾಗಬೇಕು. ಸಮಗ್ರ ವಿಮೆಯಲ್ಲಿ ಗಾಜಿನ ಭಾಗಗಳಿಗೆ ಸವಕಳಿ ಕಡಿತವಿಲ್ಲ, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಅರ್ಧದಷ್ಟು ಕಡಿತವಿದೆ. ಚಾವಣಿಯೂ ಗಾಜಿನ ಪಟ್ಟಿಯಲ್ಲಿ ಸೇರಿದೆಯೇ ಎಂದು ವಿಮಾ ಪತ್ರ ಪಡೆಯುವಾಗಲೇ ಬರಹದಲ್ಲಿ ಕೇಳಿಕೊಳ್ಳುವುದು ಒಳಿತು.

ಒಳಸಜ್ಜಿನ ವಿಷಯಕ್ಕೆ ಬಂದರೆ ಮೇಲ್ದರ್ಜೆಗಳಲ್ಲಿ ಈಗ ಬಿಳಿ ಅಥವಾ ತಿಳಿಬಣ್ಣದ ಆಸನಗಳ ಮೋಹ. ಕಪ್ಪಿಗಿಂತ ಬಿಳಿ ಕಡಿಮೆ ಕಾಯುತ್ತದೆ, ನಿಜ. ಆದರೆ ನಮ್ಮ ಮನೆಗಳಲ್ಲಿ ತಲೆಗೆ ಕೊಬ್ಬರಿ ಎಣ್ಣೆ, ಹಣೆಗೆ ವಿಭೂತಿ, ಮುಡಿಗೆ ಮಲ್ಲಿಗೆ, ಉಡಿಯಲ್ಲಿ ಅರಿಸಿನ ಕುಂಕುಮ. ಇವೆಲ್ಲ ಕಾರನ್ನು ಏರುವವೇ. ಅರಿಸಿನದ ಕಲೆ ಸುಲಭಕ್ಕೆ ಬಿಡದು. ನಡುಬಣ್ಣದ ಹೊದಿಕೆ ಸಿಕ್ಕರೆ ಅದೇ ಸಂಸಾರಕ್ಕೆ ಹಿತ. ವೀಗನ್ ಲೆದರ್ ಎಂದು ಮಳಿಗೆಯವರು ಗಂಭೀರವಾಗಿ ಹೇಳುವುದುಂಟು; ಬಹುಪಾಲು ಅದು ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ. ಒರೆಸಲು ಸುಲಭ, ಬೆವರು ಹೀರದು. ಆಸನದೊಳಗಿಂದ ಗಾಳಿಯಾಡುವ ಸೌಕರ್ಯ ನಮ್ಮ ಹವೆಗೆ ನಿಜಕ್ಕೂ ಉಪಯುಕ್ತ. ಅಂತಹ ಪುಟ್ಟ ಫ್ಯಾನಿಗೆ ಬೇಕಾದ ವಿದ್ಯುತ್ತು ಹವಾನಿಯಂತ್ರಕಕ್ಕೆ ಹೋಲಿಸಿದರೆ ಅತ್ಯಲ್ಪ. ಬಣ್ಣದ ದೀಪಕ್ಕೂ ಗಾಳಿಯಾಡುವ ಆಸನಕ್ಕೂ ಒಂದೇ ತಕ್ಕಡಿ ಹಿಡಿಯಬಾರದು.

ಕೊನೆಗೆ ಹಣದ ಮಾತು. ಒಂದು ದರ್ಜೆ ಮೇಲೇರಲು ಒಂದು ಲಕ್ಷ ರೂಪಾಯಿ ಎಂದುಕೊಳ್ಳೋಣ. ಶೇ. 9ರ ಬಡ್ಡಿಯಲ್ಲಿ ಏಳು ವರ್ಷದ ಸಾಲವಾದರೆ ತಿಂಗಳ ಕಂತು ಸುಮಾರು 1,610 ರೂಪಾಯಿ. ತೀರುವ ಹೊತ್ತಿಗೆ ಕೊಟ್ಟದ್ದು ಸುಮಾರು 1,35,000. ತೆರಿಗೆಯ ಗೆರೆಯನ್ನೂ ಗಮನಿಸಬೇಕು. 2024ರಲ್ಲಿ ಕರ್ನಾಟಕ ಸರಕಾರ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ. 10ರ ಜೀವಿತಾವಧಿ ತೆರಿಗೆಯನ್ನು ವಿಧಿಸಿತು. ಇಂತಹ ಗೆರೆಯ ಕೆಳಗಿರುವ ಕಾರು, ಅಲಂಕಾರದ ಒಂದು ದರ್ಜೆ ಏರಿದ ಮಾತ್ರಕ್ಕೆ ಗೆರೆ ದಾಟಿದರೆ, ಹೊರೆ ಗಾಜಿನ ಬೆಲೆಗಿಂತ ದೊಡ್ಡದಾದೀತು. ತೆರಿಗೆಯ ನಿಯಮಗಳು ಬದಲಾಗುತ್ತಿರುತ್ತವೆ. ಮುಂಗಡ ಕೊಡುವ ದಿನವೇ ರಸ್ತೆಗಿಳಿಯುವ ಪೂರ್ಣ ಬೆಲೆಯನ್ನು ಪ್ರತಿ ದರ್ಜೆಗೂ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.

ಆದುದರಿಂದ ನಮ್ಮ ಸಲಹೆಯ ಸರಣಿ ಇಷ್ಟು. ಮೊದಲು ಗಾಳಿಚೀಲ, ಬ್ರೇಕು, ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ತಾರೆಗಳು. ಎರಡನೆಯದಾಗಿ ಮನೆಯ ಅಗತ್ಯಕ್ಕೆ ಸಾಲುವ ಬ್ಯಾಟರಿ. ಮೂರನೆಯದಾಗಿ ಹಿಂದೆ ಕೂರುವವರ ತಂಪು ಮತ್ತು ನೆಮ್ಮದಿ. ಇವು ಮೂರೂ ಕೈಗೆ ಬಂದ ಮೇಲೆ ಹಣವೂ ಮನಸ್ಸೂ ಉಳಿದಿದ್ದರೆ ಆಕಾಶಕ್ಕೆ ಒಂದು ಗಾಜು ಹಾಕಿಸಿಕೊಳ್ಳಬಹುದು. ನೋಡಲು ಹೋಗುವುದು ಮಧ್ಯಾಹ್ನದ ಬಿಸಿಲಿನಲ್ಲಿರಲಿ, ಮನೆಯ ಹಿರಿಯರು ಜೊತೆಗಿರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ನಮ್ಮ ಹಿರಿಯರ ಗಾದೆ. ಛಾವಣಿ ಎಷ್ಟು ಬೇಕೋ ಅಷ್ಟೇ ತೆರೆಯುವುದು ಅವರ ಬೆಳಕಿಂಡಿ ಕಲಿಸಿದ ಪಾಠ.